ಕೊಂಡಿ ನಿರ್ಮಾಣ

ಕೊಂಡಿ ನಿರ್ಮಾಣ ಎಂದರೆ ಒಂದು ಜಾಲತಾಣದ ಅಥವಾ ಬ್ಲಾಗಿನ ಪುಟಗಳಿಗೆ ಇತರ ಜಾಲತಾಣಗಳಿಂದ ಕೊಂಡಿಗಳು ದೊರೆಯುವಂತೆ ಮಾಡುವ ಪ್ರಯತ್ನ. ಇಂಗ್ಲಿಷಿನ ಲಿಂಕ್ ಬಿಲ್ಡಿಂಗ್ ಎಂಬ ಪದಕ್ಕೆ ಸಂವಾದಿಯಾಗಿ ಈ ಪದವನ್ನು ಬಳಸಲಾಗುತ್ತದೆ. ಕೊಂಡಿಗಳಿಂದ ಎರಡು ಬಗೆಯ ಪ್ರಯೋಜನವುಂಟು. ಕೊಂಡಿಯನ್ನು ಒತ್ತಿದ ಓದುಗನು ನೇರವಾಗಿ ಪುಟಕ್ಕೆ ಬರುತ್ತಾನೆ, ಇದು ಮೊದಲನೆಯದು. ಗೂಗಲ್‌ನಂತಹ ಶೋಧ ಯಂತ್ರಗಳು ಕೊಂಡಿಗಳನ್ನು ಪುಟದ ಯೋಗ್ಯತೆಗೆ ದೊರೆತ ಸಾಕ್ಷ್ಯವೆಂದು ಪರಿಗಣಿಸಿ, ಹುಡುಕಾಟದ ಫಲಿತಾಂಶಗಳಲ್ಲಿ ಆ ಪುಟಕ್ಕೆ ಮೇಲಿನ ಸ್ಥಾನ ನೀಡುವ ಸಾಧ್ಯತೆಯಿದೆ, ಇದು ಎರಡನೆಯದು.

ಎರಡನೆಯ ಪ್ರಯೋಜನಕ್ಕಾಗಿ ಕೊಂಡಿಗಳನ್ನು ಕೃತಕವಾಗಿ ಸೃಷ್ಟಿಸುವ, ಕೊಳ್ಳುವ ಮತ್ತು ಮಾರುವ ವ್ಯವಹಾರ 2000ದ ದಶಕದಲ್ಲಿ ದೊಡ್ಡದಾಗಿ ಬೆಳೆಯಿತು. ಅದನ್ನು ತಡೆಯಲು ಶೋಧ ಯಂತ್ರಗಳು ತಮ್ಮ ಕ್ರಮಾವಳಿಗಳನ್ನು, ಅಂದರೆ ಅಲ್ಗಾರಿದಮ್‌ಗಳನ್ನು, ಮತ್ತೆ ಮತ್ತೆ ಬದಲಿಸುತ್ತ ಬಂದಿವೆ. 2012ರ ಏಪ್ರಿಲ್‌ನಲ್ಲಿ ಗೂಗಲ್ ಜಾರಿಗೆ ತಂದ ಪೆಂಗ್ವಿನ್ ಎಂಬ ಬದಲಾವಣೆ ಇವುಗಳಲ್ಲಿ ಪ್ರಮುಖವಾದುದು. ಇಂತಹ ಪ್ರತಿಯೊಂದು ಬದಲಾವಣೆಯೂ ಮೋಸದ ಜಾಲತಾಣಗಳನ್ನು ಮಾತ್ರವಲ್ಲದೆ ಪ್ರಾಮಾಣಿಕ ಬ್ಲಾಗುಗಳ ಓದುಗರ ಸಂಖ್ಯೆಯನ್ನೂ ಏರುಪೇರು ಮಾಡಿರುವುದರಿಂದ, ಕೊಂಡಿ ನಿರ್ಮಾಣವು ಅಂತರಜಾಲದ ಬರಹಗಾರರ ನಡುವೆ ನಿರಂತರ ಚರ್ಚೆಯ ವಿಷಯವಾಗಿದೆ.

ಪರಿಭಾಷೆ

ಒಂದು ಪುಟದಿಂದ ಮತ್ತೊಂದು ಪುಟಕ್ಕೆ ಹೋಗಲು ಒತ್ತುವ ಪದ ಅಥವಾ ಚಿತ್ರವೇ ಕೊಂಡಿ. ಒಂದೇ ಜಾಲತಾಣದ ಎರಡು ಪುಟಗಳನ್ನು ಜೋಡಿಸುವುದು ಒಳಕೊಂಡಿ. ಬೇರೆ ಜಾಲತಾಣಕ್ಕೆ ಕರೆದೊಯ್ಯುವುದು ಹೊರಕೊಂಡಿ. ಬೇರೆಯವರ ತಾಣದಿಂದ ನಮ್ಮ ತಾಣಕ್ಕೆ ಬರುವ ಕೊಂಡಿಗೆ ಬ್ಯಾಕ್‌ಲಿಂಕ್ ಅಥವಾ ಒಳಬರುವ ಕೊಂಡಿ ಎಂದು ಹೆಸರು. ಓದುಗನಿಗೆ ಕಾಣುವ, ಒತ್ತಲು ಬರುವ ಪದಗಳು ಕೊಂಡಿಪಠ್ಯ. ‘ಇಲ್ಲಿ ಒತ್ತಿ’ ಎಂಬ ಕೊಂಡಿಪಠ್ಯಕ್ಕಿಂತ ‘ಹಂಪಿಯ ವಿಜಯ ವಿಠ್ಠಲ ದೇವಾಲಯ’ ಎಂಬ ಕೊಂಡಿಪಠ್ಯವು ಗುರಿಪುಟದಲ್ಲಿ ಏನಿದೆ ಎಂಬುದನ್ನು ಓದುಗನಿಗೂ ಶೋಧ ಯಂತ್ರಕ್ಕೂ ತಿಳಿಸುತ್ತದೆ.

ಶೋಧ ಯಂತ್ರವು ಮೂರು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದಾಗಿ, ಕ್ರಾಲರ್ ಎಂಬ ತಂತ್ರಾಂಶವು ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪುಟಗಳನ್ನು ಓದುತ್ತದೆ. ಎರಡನೆಯದಾಗಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ, ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿಯೊಂದು ಸಿದ್ಧವಾಗುತ್ತದೆ. ಮೂರನೆಯದಾಗಿ, ಬಳಕೆದಾರನು ಪದವೊಂದನ್ನು ಹುಡುಕಿದಾಗ ಸೂಚಿಯಲ್ಲಿರುವ ಸಾವಿರಾರು ಪುಟಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕ್ರಮಾವಳಿಯು ನಿರ್ಧರಿಸುತ್ತದೆ. ಕೊಂಡಿಗಳು ಮೊದಲ ಮತ್ತು ಮೂರನೆಯ ಹಂತಗಳೆರಡರಲ್ಲಿಯೂ ಪಾತ್ರ ವಹಿಸುತ್ತವೆ. ಯಾವ ಕೊಂಡಿಯೂ ಇಲ್ಲದ ಪುಟವು ಕ್ರಾಲರ್‌ನ ಕಣ್ಣಿಗೆ ಬೀಳುವುದೇ ಕಷ್ಟ.

ಹಿನ್ನೆಲೆ

1995ರ ಡಿಸೆಂಬರ್‌ನಲ್ಲಿ ಆರಂಭವಾದ ಆಲ್ಟಾವಿಸ್ಟಾ ಮೊದಲಾದ ಆರಂಭಿಕ ಶೋಧ ಯಂತ್ರಗಳು ಮುಖ್ಯವಾಗಿ ಪುಟದೊಳಗಿನ ಪದಗಳನ್ನು ಅವಲಂಬಿಸಿದ್ದವು. ಹುಡುಕಿದ ಪದ ಪುಟದಲ್ಲಿ ಹೆಚ್ಚು ಬಾರಿ ಕಂಡುಬಂದರೆ ಆ ಪುಟ ಮೇಲೇರುತ್ತಿತ್ತು. ಇದನ್ನು ಅರಿತವರು ಒಂದೇ ಪದವನ್ನು ನೂರಾರು ಬಾರಿ ಬರೆಯುವುದು, ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಪದಗಳನ್ನು ಅಡಗಿಸಿಡುವುದು ಮುಂತಾದ ಉಪಾಯಗಳನ್ನು ಹೂಡಿದರು. ಲೇಖಕನು ತನ್ನ ಪುಟದ ಬಗ್ಗೆ ತಾನೇ ಹೇಳಿಕೊಳ್ಳುವ ಮಾತನ್ನು ನಂಬಿದರೆ ಫಲಿತಾಂಶ ಕೆಡುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಇದಕ್ಕೆ ಬೇರೊಂದು ಪರಿಹಾರವನ್ನು ಕಂಡುಕೊಂಡರು. ವಿದ್ವತ್ ಪ್ರಬಂಧವೊಂದರ ಮಹತ್ವವನ್ನು ಇತರ ಎಷ್ಟು ಪ್ರಬಂಧಗಳು ಅದನ್ನು ಉಲ್ಲೇಖಿಸಿವೆ ಎಂಬುದರಿಂದ ಅಳೆಯುವ ಪದ್ಧತಿ ಆ ಮೊದಲೇ ಇತ್ತು. ಯೂಜೀನ್ ಗಾರ್‌ಫೀಲ್ಡ್ ಅವರು 1964ರಲ್ಲಿ ಹೊರತಂದ ವಿಜ್ಞಾನ ಉಲ್ಲೇಖ ಸೂಚಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಪೇಜ್ ಮತ್ತು ಬ್ರಿನ್ ಇದೇ ತತ್ತ್ವವನ್ನು ಅಂತರಜಾಲಕ್ಕೆ ಅನ್ವಯಿಸಿದರು. ಪುಟದ ಬಗ್ಗೆ ಪುಟವೇ ಏನು ಹೇಳುತ್ತದೆ ಎನ್ನುವುದಕ್ಕಿಂತ ಇತರ ಪುಟಗಳು ಅದನ್ನು ಎಷ್ಟು ತೋರಿಸಿಕೊಡುತ್ತವೆ ಎನ್ನುವುದು ಹೆಚ್ಚು ವಿಶ್ವಾಸಾರ್ಹ ಎಂಬುದು ಅವರ ವಾದ. ಈ ವಿಧಾನಕ್ಕೆ ಪೇಜ್‌ರ‍್ಯಾಂಕ್ ಎಂಬ ಹೆಸರು ಬಂದಿತು. ಇದನ್ನು ವಿವರಿಸಿದ ಪ್ರಬಂಧ 1998ರಲ್ಲಿ ಪ್ರಕಟವಾಯಿತು; ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗೂಗಲ್ ಸಂಸ್ಥೆ ನೋಂದಣಿಯಾಯಿತು.

ಪೇಜ್‌ರ‍್ಯಾಂಕ್‌ನ ತತ್ತ್ವ

ಪೇಜ್‌ರ‍್ಯಾಂಕ್ ಕೇವಲ ಕೊಂಡಿಗಳ ಎಣಿಕೆಯಲ್ಲ. ಕೊಂಡಿ ಕೊಡುವ ಪುಟದ ತೂಕ ಎಷ್ಟು, ಆ ಪುಟ ಒಟ್ಟು ಎಷ್ಟು ಜನರಿಗೆ ಕೊಂಡಿ ಕೊಟ್ಟಿದೆ ಎಂಬ ಎರಡು ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ. ಪುಟವು ತನ್ನ ತೂಕವನ್ನು ತಾನು ಕೊಟ್ಟ ಕೊಂಡಿಗಳಿಗೆ ಸಮನಾಗಿ ಹಂಚುತ್ತದೆ.

ಒಂದು ಸರಳ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಕ, ಚ, ಟ ಎಂಬ ಮೂರು ಬ್ಲಾಗುಗಳು ಮಾತ್ರ ಇವೆ ಎಂದು ಭಾವಿಸೋಣ. ಕ ಬ್ಲಾಗು ಚ ಮತ್ತು ಟ ಎರಡಕ್ಕೂ ಕೊಂಡಿ ಕೊಟ್ಟಿದೆ. ಚ ಬ್ಲಾಗು ಟ ಬ್ಲಾಗಿಗೆ ಕೊಟ್ಟಿದೆ. ಟ ಬ್ಲಾಗು ಕ ಬ್ಲಾಗಿಗೆ ಕೊಟ್ಟಿದೆ. ಒಟ್ಟು ತೂಕ 100 ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ ಕೊನೆಗೆ ಕ ಬ್ಲಾಗಿಗೆ 40, ಚ ಬ್ಲಾಗಿಗೆ 20, ಟ ಬ್ಲಾಗಿಗೆ 40 ದೊರೆಯುತ್ತದೆ. ಕ ಮತ್ತು ಚ ಎರಡಕ್ಕೂ ತಲಾ ಒಂದೇ ಕೊಂಡಿ ಬಂದಿದ್ದರೂ ಕ ಬ್ಲಾಗಿನ ತೂಕ ಚ ಬ್ಲಾಗಿನ ಎರಡರಷ್ಟಾಯಿತು. ತೂಕವುಳ್ಳ ಟ ಬ್ಲಾಗು ತನ್ನ 40ನ್ನೂ ಪೂರ್ತಿಯಾಗಿ ಕ ಬ್ಲಾಗಿಗೆ ಕೊಟ್ಟಿದೆ. ಕ ಬ್ಲಾಗಾದರೋ ತನ್ನ 40ನ್ನು ಇಬ್ಬರಿಗೆ ಹಂಚಿರುವುದರಿಂದ ಚ ಬ್ಲಾಗಿಗೆ ದೊರೆತದ್ದು 20 ಮಾತ್ರ.

ಮೂಲ ಪ್ರಬಂಧದಲ್ಲಿ ಇದಕ್ಕೆ ಇನ್ನೊಂದು ಅಂಶ ಸೇರಿದೆ. ಕೊಂಡಿಗಳನ್ನು ಒತ್ತುತ್ತ ಹೋಗುವ ಕಾಲ್ಪನಿಕ ಓದುಗನೊಬ್ಬನು ಆಗಾಗ ಬೇಸತ್ತು ಯಾವುದಾದರೊಂದು ಬೇರೆ ಪುಟಕ್ಕೆ ಹಾರುತ್ತಾನೆ ಎಂದು ಅದು ಊಹಿಸುತ್ತದೆ. ಆತ ಕೊಂಡಿಯನ್ನೇ ಹಿಡಿದು ಮುಂದುವರಿಯುವ ಸಂಭವನೀಯತೆಯನ್ನು ಸಾಮಾನ್ಯವಾಗಿ 0.85 ಎಂದು ಇಟ್ಟುಕೊಳ್ಳಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಈ ಅಂಶವನ್ನು ಸರಳತೆಗಾಗಿ ಬಿಡಲಾಗಿದೆ.

ಕೊಂಡಿಯು ಈ ರೀತಿ ಮತದ ಸ್ಥಾನ ಪಡೆದ ಕೂಡಲೇ ಅದಕ್ಕೆ ಬೆಲೆಯೂ ಬಂದಿತು. 2000ದಲ್ಲಿ ಬಿಡುಗಡೆಯಾದ ಗೂಗಲ್ ಟೂಲ್‌ಬಾರ್ ಪ್ರತಿ ಪುಟದ ಪೇಜ್‌ರ‍್ಯಾಂಕನ್ನು 0ಯಿಂದ 10ರವರೆಗಿನ ಅಂಕಿಯಲ್ಲಿ ಎಲ್ಲರಿಗೂ ತೋರಿಸತೊಡಗಿದ್ದರಿಂದ, ಯಾವ ಪುಟದ ಕೊಂಡಿಗೆ ಎಷ್ಟು ಹಣ ಕೊಡಬೇಕೆಂಬ ಚೌಕಾಶಿಗೆ ಅಳತೆಗೋಲು ಸಿಕ್ಕಿದಂತಾಯಿತು. ಈ ಅಂಕಿಯನ್ನು ಸಾರ್ವಜನಿಕರಿಗೆ ತೋರಿಸುವುದನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು.

ಬ್ಲಾಗುಗಳ ಕಾಲ

1999ರ ಆಗಸ್ಟ್‌ನಲ್ಲಿ ಪೈರಾ ಲ್ಯಾಬ್ಸ್ ಸಂಸ್ಥೆಯು ಬ್ಲಾಗರ್ ಸೇವೆಯನ್ನು ಆರಂಭಿಸಿತು. ಗೂಗಲ್ ಅದನ್ನು 2003ರಲ್ಲಿ ಕೊಂಡುಕೊಂಡಿತು. ಅದೇ ವರ್ಷ ವರ್ಡ್‌ಪ್ರೆಸ್ ತಂತ್ರಾಂಶವೂ ಹೊರಬಂದಿತು. ತಾಂತ್ರಿಕ ಜ್ಞಾನವಿಲ್ಲದವರೂ ಬರೆದು ಪ್ರಕಟಿಸುವುದು ಇವುಗಳಿಂದ ಸಾಧ್ಯವಾಯಿತು. ಬ್ಲಾಗಿಗರು ಒಬ್ಬರನ್ನೊಬ್ಬರು ಓದಿ, ಒಬ್ಬರ ಬರಹಕ್ಕೆ ಮತ್ತೊಬ್ಬರು ಕೊಂಡಿ ಕೊಡುತ್ತಿದ್ದರು. ಪುಟದ ಬದಿಯಲ್ಲಿ ತಾವು ಮೆಚ್ಚಿದ ಬ್ಲಾಗುಗಳ ಪಟ್ಟಿಯನ್ನಿಡುವುದು ವಾಡಿಕೆಯಾಗಿತ್ತು. 2002ರಲ್ಲಿ ಮೂವಬಲ್ ಟೈಪ್ ತಂತ್ರಾಂಶದೊಡನೆ ಬಂದ ಟ್ರ್ಯಾಕ್‌ಬ್ಯಾಕ್ ಸೌಲಭ್ಯವು, ಒಬ್ಬರ ಬರಹವನ್ನು ಇನ್ನೊಬ್ಬರು ಪ್ರಸ್ತಾಪಿಸಿದಾಗ ಮೂಲ ಬರಹದ ಕೆಳಗೆ ಆ ಸುದ್ದಿ ತಾನಾಗಿಯೇ ಕಾಣುವಂತೆ ಮಾಡಿತು. ಇಷ್ಟೊಂದು ಕೊಂಡಿಗಳಿಂದ ಹೆಣೆದುಕೊಂಡಿದ್ದುದರಿಂದ ಬ್ಲಾಗುಗಳು ಹುಡುಕಾಟದ ಫಲಿತಾಂಶಗಳಲ್ಲಿ ಸುಲಭವಾಗಿ ಮೇಲೇರಿದವು.

ಈ ಶಕ್ತಿಯ ದುರುಪಯೋಗವೂ ಬೇಗನೆ ಆರಂಭವಾಯಿತು. ಅನೇಕ ಬ್ಲಾಗಿಗರು ಒಂದೇ ಕೊಂಡಿಪಠ್ಯವನ್ನು ಬಳಸಿ ಒಂದೇ ಪುಟಕ್ಕೆ ಕೊಂಡಿ ಕೊಟ್ಟರೆ, ಆ ಪದಗಳು ಗುರಿಪುಟದಲ್ಲಿ ಇಲ್ಲದಿದ್ದರೂ ಅದು ಫಲಿತಾಂಶದಲ್ಲಿ ಮೊದಲಿಗೆ ಬರುತ್ತಿತ್ತು. ಇದಕ್ಕೆ ಗೂಗಲ್ ಬಾಂಬ್ ಎಂದು ಹೆಸರಾಯಿತು. ‘ದಯನೀಯ ವೈಫಲ್ಯ’ ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ಹುಡುಕಿದರೆ ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ಅಧಿಕೃತ ಪರಿಚಯ ಪುಟ ಕಾಣುವಂತೆ 2003ರಲ್ಲಿ ಮಾಡಲಾಗಿದ್ದುದು ಇದರ ಪ್ರಸಿದ್ಧ ನಿದರ್ಶನ. 2007ರ ಜನವರಿಯಲ್ಲಿ ಗೂಗಲ್ ತನ್ನ ಕ್ರಮಾವಳಿಯನ್ನು ತಿದ್ದಿ ಇದನ್ನು ನಿವಾರಿಸಿತು.

ಇನ್ನೊಂದು ಪಿಡುಗು ಟಿಪ್ಪಣಿ ಸ್ಪ್ಯಾಮ್. ಬ್ಲಾಗಿನ ಕೆಳಗೆ ಯಾರು ಬೇಕಾದರೂ ಪ್ರತಿಕ್ರಿಯೆ ಬರೆಯಬಹುದಾಗಿದ್ದರಿಂದ, ಔಷಧ ಮತ್ತು ಜೂಜಿನ ತಾಣಗಳಿಗೆ ಕೊಂಡಿ ಹಾಕುವ ಸಾವಿರಾರು ಟಿಪ್ಪಣಿಗಳನ್ನು ತಂತ್ರಾಂಶಗಳ ಮೂಲಕ ಸುರಿಯಲಾಯಿತು. ಇದನ್ನು ತಡೆಯಲು 2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್‌ನ ಎಂಎಸ್ಎನ್ ಶೋಧ ಯಂತ್ರಗಳು ಒಟ್ಟಾಗಿ ನೋಫಾಲೋ ಎಂಬ ಗುರುತನ್ನು ಒಪ್ಪಿಕೊಂಡವು. ಈ ಗುರುತುಳ್ಳ ಕೊಂಡಿಯನ್ನು ಓದುಗರು ಎಂದಿನಂತೆ ಬಳಸಬಹುದು, ಆದರೆ ಶೋಧ ಯಂತ್ರ ಅದನ್ನು ಸಾಮಾನ್ಯವಾಗಿ ಮತವೆಂದು ಎಣಿಸುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯವು 2007ರ ಜನವರಿಯಿಂದ ತನ್ನ ಹೊರಕೊಂಡಿಗಳಿಗೆ ಈ ಗುರುತನ್ನು ಹಾಕುತ್ತಿದೆ. ಇಂದು ಕನ್ನಡವೂ ಸೇರಿದಂತೆ ಎಲ್ಲ ಭಾಷೆಗಳ ವಿಕಿಪೀಡಿಯಗಳಲ್ಲಿ ಇದೇ ವ್ಯವಸ್ಥೆಯಿದೆ. ಆದ್ದರಿಂದ ತಮ್ಮ ಬ್ಲಾಗಿನ ಸ್ಥಾನ ಏರಲೆಂದು ವಿಕಿಪೀಡಿಯದ ಲೇಖನಗಳಲ್ಲಿ ಕೊಂಡಿ ಸೇರಿಸುವುದರಿಂದ ಉದ್ದೇಶಿತ ಫಲ ದೊರೆಯುವುದಿಲ್ಲ.

ಕೃತಕ ಕೊಂಡಿಗಳ ವಿಧಗಳು

ಶೋಧ ಯಂತ್ರಗಳು ನಿಯಮಬಾಹಿರವೆಂದು ಪರಿಗಣಿಸುವ ಕೊಂಡಿಗಳಲ್ಲಿ ಮುಖ್ಯವಾದವು ಇವು:

• ಹಣ ಅಥವಾ ವಸ್ತುವನ್ನು ಪಡೆದು, ಅದನ್ನು ಗುರುತಿನ ಮೂಲಕ ತಿಳಿಸದೆ ಕೊಟ್ಟ ಕೊಂಡಿ.
• ‘ನೀನು ನನಗೆ ಕೊಡು, ನಾನು ನಿನಗೆ ಕೊಡುತ್ತೇನೆ’ ಎಂಬ ಒಪ್ಪಂದದಿಂದ ದೊಡ್ಡ ಪ್ರಮಾಣದಲ್ಲಿ ನಡೆಯುವ ವಿನಿಮಯ.
• ಕೊಂಡಿ ಕೊಡುವುದಕ್ಕಾಗಿಯೇ ಒಬ್ಬನೇ ವ್ಯಕ್ತಿ ಹತ್ತಾರು ಹುಸಿ ಬ್ಲಾಗುಗಳನ್ನು ಕಟ್ಟಿ ನಡೆಸುವ ಖಾಸಗಿ ಬ್ಲಾಗು ಜಾಲ.
• ಬರಹದ ಗುಣಕ್ಕೆ ಗಮನ ಕೊಡದೆ, ಕೊಂಡಿಗಾಗಿಯೇ ನೂರಾರು ಕಡೆ ಹಂಚುವ ಅತಿಥಿ ಲೇಖನ.
• ಉಚಿತವಾಗಿ ನೀಡುವ ಸಂದರ್ಶಕರ ಗಣಕ, ವಿನ್ಯಾಸ ಮುಂತಾದವುಗಳೊಳಗೆ ಅಡಗಿಸಿಟ್ಟ ಕೊಂಡಿ.

ಅತಿಥಿ ಲೇಖನವು ಮೂಲತಃ ಸಭ್ಯ ಸಂಪ್ರದಾಯವಾಗಿತ್ತು. ಒಬ್ಬ ಬ್ಲಾಗಿಗನು ಮತ್ತೊಬ್ಬನ ಆಹ್ವಾನದ ಮೇರೆಗೆ ಬರೆದು, ಕೊನೆಯಲ್ಲಿ ತನ್ನ ಬ್ಲಾಗಿನ ಹೆಸರನ್ನು ನಮೂದಿಸುತ್ತಿದ್ದನು. ಪೆಂಗ್ವಿನ್ ಬಂದ ಮೇಲೆ ಇತರ ದಾರಿಗಳು ಮುಚ್ಚಿದ್ದರಿಂದ ಕೊಂಡಿ ವ್ಯಾಪಾರಿಗಳು ಇದರತ್ತ ತಿರುಗಿದರು. 2014ರ ಜನವರಿಯಲ್ಲಿ, ಗೂಗಲ್‌ನ ಸ್ಪ್ಯಾಮ್ ನಿಗ್ರಹ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ ಅವರು, ಕೊಂಡಿ ಗಳಿಸುವ ಉದ್ದೇಶದಿಂದ ಅತಿಥಿ ಲೇಖನ ಬರೆಯುವುದನ್ನು ನಿಲ್ಲಿಸಬೇಕೆಂದು ಬಹಿರಂಗವಾಗಿ ತಿಳಿಸಿದರು.

ಕ್ರಮಾವಳಿಯ ಬದಲಾವಣೆಗಳು

ಗೂಗಲ್ ತನ್ನ ಶೋಧ ಯಂತ್ರದಲ್ಲಿ ವರ್ಷಕ್ಕೆ ಸಾವಿರಾರು ಸಣ್ಣ ಬದಲಾವಣೆಗಳನ್ನು ಮಾಡುತ್ತದೆ. ಅವುಗಳಲ್ಲಿ ಹೆಚ್ಚಿನವು ಯಾರ ಗಮನಕ್ಕೂ ಬರುವುದಿಲ್ಲ. ಕೆಲವು ಮಾತ್ರ ಅಂತರಜಾಲದ ಬರಹಗಾರರ ಬದುಕನ್ನು ತಟ್ಟಿವೆ.

2003ರ ನವೆಂಬರ್‌ನಲ್ಲಿ ಬಂದ, ಫ್ಲಾರಿಡಾ ಎಂದು ಕರೆಯಲಾಗುವ ಬದಲಾವಣೆಯು ಪದಗಳನ್ನು ಅತಿಯಾಗಿ ತುಂಬಿದ ಪುಟಗಳನ್ನು ಕೆಳಗಿಳಿಸಿತು. ಪಾಶ್ಚಾತ್ಯ ದೇಶಗಳಲ್ಲಿ ಅದು ಹಬ್ಬದ ಮಾರಾಟದ ಕಾಲವಾದುದರಿಂದ ಅನೇಕ ಸಣ್ಣ ವ್ಯಾಪಾರಿಗಳು ನಷ್ಟ ಅನುಭವಿಸಿದರು.

2011ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ಪಾಂಡಾ ಬದಲಾವಣೆಯು ಬರಹದ ಗುಣಮಟ್ಟವನ್ನು ಗುರಿಯಾಗಿಸಿಕೊಂಡಿತ್ತು. ಹುಡುಕಾಟದ ಪದಗಳಿಗೆ ತಕ್ಕಂತೆ ಸತ್ವಹೀನ ಲೇಖನಗಳನ್ನು ರಾಶಿ ರಾಶಿಯಾಗಿ ಹೊರತರುತ್ತಿದ್ದ ತಾಣಗಳು ಇದರಿಂದ ಕೆಳಗಿಳಿದವು. ಅಮೆರಿಕದ ಹುಡುಕಾಟಗಳಲ್ಲಿ ಶೇ. 11.8ರಷ್ಟರ ಫಲಿತಾಂಶ ಇದರಿಂದ ಗಮನಾರ್ಹವಾಗಿ ಬದಲಾಯಿತೆಂದು ಗೂಗಲ್ ಪ್ರಕಟಿಸಿತು. ಈ ಹೆಸರು ಬಂದಿರುವುದು ಪ್ರಾಣಿಯಿಂದಲ್ಲ, ಅದನ್ನು ಸಾಧ್ಯವಾಗಿಸಿದ ಎಂಜಿನಿಯರ್ ನವನೀತ್ ಪಾಂಡಾ ಅವರಿಂದ.

2012ರ ಏಪ್ರಿಲ್ 24ರಂದು ಬಂದ ಪೆಂಗ್ವಿನ್ ನೇರವಾಗಿ ಕೃತಕ ಕೊಂಡಿಗಳ ಮೇಲೆ ಕ್ರಮ ಕೈಗೊಂಡಿತು. ಇಂಗ್ಲಿಷ್ ಹುಡುಕಾಟಗಳಲ್ಲಿ ಸುಮಾರು ಶೇ. 3.1ರಷ್ಟು ಇದರ ಪ್ರಭಾವಕ್ಕೆ ಒಳಗಾದವು. ಸಹಜವಾಗಿ ಬರುವ ಕೊಂಡಿಗಳ ಕೊಂಡಿಪಠ್ಯ ಬಗೆಬಗೆಯದಾಗಿರುತ್ತದೆ: ಕೆಲವರು ಬ್ಲಾಗಿನ ಹೆಸರನ್ನು, ಕೆಲವರು ಲೇಖನದ ಶೀರ್ಷಿಕೆಯನ್ನು, ಕೆಲವರು ಬರಿಯ ವಿಳಾಸವನ್ನು ಬಳಸುತ್ತಾರೆ. ನೂರಾರು ಕೊಂಡಿಗಳು ಒಂದೇ ಮಾರಾಟದ ಪದವನ್ನು ಹೊತ್ತು ಬಂದರೆ ಅದು ಕೃತಕತೆಯ ಲಕ್ಷಣವೆನಿಸುತ್ತದೆ.

ಆರಂಭದ ಪೆಂಗ್ವಿನ್‌ನಲ್ಲಿ ಒಂದು ಕಠಿಣ ಅಂಶವಿತ್ತು. ಅದರ ಲೆಕ್ಕ ತಿಂಗಳುಗಟ್ಟಲೆ ಅಂತರದಲ್ಲಿ ಮಾತ್ರ ಪರಿಷ್ಕಾರಗೊಳ್ಳುತ್ತಿತ್ತು. ಪೆಟ್ಟು ತಿಂದ ಜಾಲತಾಣದ ಒಡೆಯನು ತಪ್ಪನ್ನು ಸರಿಪಡಿಸಿದರೂ ಮುಂದಿನ ಪರಿಷ್ಕಾರದವರೆಗೆ ಕಾಯಲೇಬೇಕಿತ್ತು. 2014ರ ಅಕ್ಟೋಬರ್‌ನ ಮೂರನೆಯ ಆವೃತ್ತಿಯ ಬಳಿಕ ನಾಲ್ಕನೆಯದು ಬಂದದ್ದು 2016ರ ಸೆಪ್ಟೆಂಬರ್ 23ರಂದು, ಅಂದರೆ ಸುಮಾರು ಎರಡು ವರ್ಷಗಳ ನಂತರ. ನಾಲ್ಕನೆಯ ಆವೃತ್ತಿಯಲ್ಲಿ ಪೆಂಗ್ವಿನ್ ಮುಖ್ಯ ಕ್ರಮಾವಳಿಯ ಭಾಗವಾಗಿ, ಆಗಿಂದಾಗ ಕೆಲಸ ಮಾಡತೊಡಗಿತು. ಇಡೀ ತಾಣವನ್ನು ದಂಡಿಸುವ ಬದಲು ಕೆಟ್ಟ ಕೊಂಡಿಗಳ ಬೆಲೆಯನ್ನು ಇಲ್ಲವಾಗಿಸುವ ನೀತಿಯೂ ಆಗಲೇ ಬಂದಿತು.

ನಂತರದ ಪ್ರಮುಖ ಬದಲಾವಣೆಗಳು:

• 2013: ಬಿಡಿ ಪದಗಳಿಗಿಂತ ಪ್ರಶ್ನೆಯ ಒಟ್ಟು ಅರ್ಥಕ್ಕೆ ಒತ್ತು ನೀಡುವ ಹಮ್ಮಿಂಗ್‌ಬರ್ಡ್.
• 2015: ಮೊಬೈಲ್ ಫೋನಿನಲ್ಲಿ ಓದಲು ಅನುಕೂಲವಾದ ಪುಟಗಳಿಗೆ, ಮೊಬೈಲ್ ಹುಡುಕಾಟದಲ್ಲಿ ಆದ್ಯತೆ.
• 2019: ವಾಕ್ಯದ ಸಂದರ್ಭವನ್ನು ಗ್ರಹಿಸುವ ಬರ್ಟ್ ಎಂಬ ಭಾಷಾ ಮಾದರಿಯ ಬಳಕೆ. ನೋಫಾಲೋ ಜೊತೆಗೆ, ಪ್ರಾಯೋಜಿತ ಕೊಂಡಿಗಳಿಗೆ ಮತ್ತು ಬಳಕೆದಾರರು ಬರೆದ ಕೊಂಡಿಗಳಿಗೆ ಪ್ರತ್ಯೇಕ ಗುರುತುಗಳು.
• 2022: ಶೋಧ ಯಂತ್ರಕ್ಕಾಗಿ ಅಲ್ಲದೆ ಮನುಷ್ಯರಿಗಾಗಿ ಬರೆದ ಪುಟಗಳನ್ನು ಗುರುತಿಸುವ ಉದ್ದೇಶದ ‘ಉಪಯುಕ್ತ ಬರಹ’ ಬದಲಾವಣೆ.
• 2024: ರಾಶಿಗಟ್ಟಲೆ ತಯಾರಿಸಿದ ಬರಹ, ಅವಧಿ ಮುಗಿದ ಹಳೆಯ ಜಾಲವಿಳಾಸಗಳನ್ನು ಕೊಂಡು ದುರ್ಬಳಕೆ ಮಾಡುವುದು ಮುಂತಾದವುಗಳ ವಿರುದ್ಧ ಹೊಸ ನಿಯಮಗಳು.

ಗಮನಾರ್ಹ ಪ್ರಕರಣಗಳು

ಜೆ. ಸಿ. ಪೆನ್ನಿ (2011): ಅಮೆರಿಕದ ಈ ಮಳಿಗೆ ಸಂಸ್ಥೆಯು ಉಡುಪು, ಹಾಸಿಗೆ, ಪೀಠೋಪಕರಣ ಮುಂತಾದ ಹಲವು ಪದಗಳಿಗೆ ತಿಂಗಳುಗಟ್ಟಲೆ ಗೂಗಲ್‌ನಲ್ಲಿ ಮೊದಲ ಸ್ಥಾನದಲ್ಲಿತ್ತು. ಸಂಬಂಧವೇ ಇಲ್ಲದ ಸಾವಿರಾರು ತಾಣಗಳಲ್ಲಿ ಅದಕ್ಕೆ ಕೊಂಡಿಗಳಿರುವುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಗೂಗಲ್ ಕ್ರಮ ಕೈಗೊಂಡ ಎರಡು ಗಂಟೆಗಳೊಳಗೆ, ಪ್ರಯಾಣದ ಪೆಟ್ಟಿಗೆಗೆ ಸಂಬಂಧಿಸಿದ ಒಂದು ಹುಡುಕಾಟದಲ್ಲಿ ಸಂಸ್ಥೆಯ ಪುಟ 1ನೆಯ ಸ್ಥಾನದಿಂದ 71ಕ್ಕೆ ಇಳಿಯಿತು. ಕೊಂಡಿಗಳ ವಿಷಯ ತನಗೆ ತಿಳಿದಿರಲಿಲ್ಲವೆಂದ ಸಂಸ್ಥೆಯು ತನ್ನ ಸಲಹೆಗಾರ ಕಂಪನಿಯನ್ನು ಕೈಬಿಟ್ಟಿತು.

ಗೂಗಲ್ ಕ್ರೋಮ್ (2012): ಗೂಗಲ್‌ನದೇ ಆದ ಕ್ರೋಮ್ ಬ್ರೌಸರಿನ ಪ್ರಚಾರಕ್ಕಾಗಿ ಬ್ಲಾಗಿಗರಿಗೆ ಹಣ ಕೊಟ್ಟು ಬರೆಸಿದ ಲೇಖನವೊಂದರಲ್ಲಿ ನೋಫಾಲೋ ಗುರುತಿಲ್ಲದ ಕೊಂಡಿ ಕಂಡುಬಂದಿತು. ಗೂಗಲ್ ತನ್ನದೇ ಕ್ರೋಮ್ ಪುಟದ ಸ್ಥಾನವನ್ನು ಕನಿಷ್ಠ 60 ದಿನಗಳವರೆಗೆ ತಗ್ಗಿಸಿತು.

ರ‍್ಯಾಪ್ ಜೀನಿಯಸ್ (2013): ಹಾಡುಗಳ ಸಾಹಿತ್ಯ ಪ್ರಕಟಿಸುವ ಈ ತಾಣವು, ತನ್ನ ಪುಟಗಳಿಗೆ ಕೊಂಡಿ ಹಾಕುವ ಬ್ಲಾಗಿಗರ ಬರಹಗಳನ್ನು ಟ್ವಿಟರಿನಲ್ಲಿ ಪ್ರಚಾರ ಮಾಡುವುದಾಗಿ ಆಮಿಷವೊಡ್ಡಿತ್ತು. ವಿಷಯ ಬಯಲಾದಾಗ, 2013ರ ಡಿಸೆಂಬರ್ 25ರಂದು ತಾಣದ ಹೆಸರನ್ನೇ ಹುಡುಕಿದರೂ ಅದು ಮೇಲೆ ಕಾಣದಂತಾಯಿತು. ಕೃತಕ ಕೊಂಡಿಗಳನ್ನು ತೆಗೆಸಿದ ಬಳಿಕ, ಹತ್ತು ದಿನಗಳಲ್ಲಿ ಅದು ಫಲಿತಾಂಶಗಳಿಗೆ ಮರಳಿತು. ಹಣಬಲವುಳ್ಳ ಸಂಸ್ಥೆಗೆ ಹತ್ತು ದಿನಗಳಲ್ಲಿ ದೊರೆತ ಬಿಡುಗಡೆ ಸಣ್ಣ ಬ್ಲಾಗಿಗರಿಗೆ ತಿಂಗಳುಗಳಾದರೂ ದೊರೆಯುವುದಿಲ್ಲ ಎಂಬ ಟೀಕೆ ಆಗ ಕೇಳಿಬಂದಿತು.

ದಂಡನೆ ಮತ್ತು ಪರಿಹಾರ

ಓದುಗರ ಸಂಖ್ಯೆ ಹಠಾತ್ತನೆ ಕುಸಿದಾಗ ಕಾರಣವನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಗೂಗಲ್‌ನ ಸಿಬ್ಬಂದಿ ಪರಿಶೀಲಿಸಿ ವಿಧಿಸುವ ದಂಡನೆಯು ಮೊದಲನೆಯ ಬಗೆ. ಇದರ ಸೂಚನೆ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ತಾಣದ ಒಡೆಯನಿಗೆ ಲಭ್ಯವಾಗುತ್ತದೆ. ಕೊಂಡಿಗಳನ್ನು ತೆಗೆಸಿದ ಮೇಲೆ ಮರುಪರಿಶೀಲನೆಗೆ ಮನವಿ ಸಲ್ಲಿಸಬಹುದು. ಎರಡನೆಯ ಬಗೆ, ಕ್ರಮಾವಳಿಯ ಬದಲಾವಣೆಯಿಂದ ಉಂಟಾಗುವ ಕುಸಿತ. ಇದಕ್ಕೆ ಸೂಚನೆಯೂ ಇಲ್ಲ, ಮನವಿಗೆ ಅವಕಾಶವೂ ಇಲ್ಲ. ಕುಸಿತದ ದಿನಾಂಕವನ್ನು ಗೂಗಲ್ ಪ್ರಕಟಿಸುವ ಬದಲಾವಣೆಗಳ ದಿನಾಂಕದೊಡನೆ ಹೋಲಿಸಿ ನೋಡಬೇಕಾಗುತ್ತದೆ. ಜನರು ಆ ವಿಷಯವನ್ನು ಹುಡುಕುವುದೇ ಕಡಿಮೆಯಾಗಿರುವುದು, ತಾಣದ ತಾಂತ್ರಿಕ ದೋಷ, ಪರೀಕ್ಷೆ ಅಥವಾ ಹಬ್ಬದ ಋತು ಮುಗಿದಿರುವುದು ಮುಂತಾದ ಸಾಮಾನ್ಯ ಕಾರಣಗಳೂ ಇರಬಹುದು.

ತನಗೆ ಬಂದಿರುವ ಕೆಟ್ಟ ಕೊಂಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ತಿಳಿಸುವ ನಿರಾಕರಣೆ ಸಾಧನವನ್ನು ಗೂಗಲ್ 2012ರ ಅಕ್ಟೋಬರ್‌ನಲ್ಲಿ ಒದಗಿಸಿತು. ಎದುರಾಳಿಗಳು ಬೇಕೆಂದೇ ಕೆಟ್ಟ ಕೊಂಡಿಗಳನ್ನು ಹಾಕಿ ಹಾನಿ ಮಾಡಬಹುದೆಂಬ ಆತಂಕಕ್ಕೂ ಇದು ಉತ್ತರವಾಗಿತ್ತು. ತಿಳಿವಳಿಕೆಯಿಲ್ಲದೆ ಬಳಸಿದರೆ ಒಳ್ಳೆಯ ಕೊಂಡಿಗಳೂ ನಷ್ಟವಾಗುವುದರಿಂದ, ಸಾಮಾನ್ಯ ಬ್ಲಾಗಿಗರಿಗೆ ಇದರ ಅಗತ್ಯ ಬೀಳುವುದಿಲ್ಲವೆಂದು ಗೂಗಲ್ ಹೇಳುತ್ತದೆ.

ಸಮ್ಮತ ವಿಧಾನಗಳು

ಕ್ರಮಾವಳಿಗಳು ಬದಲಾದರೂ ಕೆಲವು ಬಗೆಯ ಬರಹಗಳಿಗೆ ಕೊಂಡಿಗಳು ತಾವಾಗಿಯೇ ಬರುತ್ತವೆ. ಬೇರೆಲ್ಲಿಯೂ ದೊರೆಯದ ಮೂಲ ಮಾಹಿತಿ ಅವುಗಳಲ್ಲಿ ಮೊದಲನೆಯದು. ಊರೊಂದರ ಶಾಸನದ ಸ್ಪಷ್ಟ ಛಾಯಾಚಿತ್ರ ಮತ್ತು ಪಾಠ, ಒಂದು ತಾಲ್ಲೂಕಿನ ಕೆರೆಗಳ ಪಟ್ಟಿ, ತಾನೇ ಮಾಡಿ ನೋಡಿದ ಪ್ರಯೋಗದ ವಿವರ ಇವುಗಳನ್ನು ಇತರರು ಉಲ್ಲೇಖಿಸಲೇಬೇಕಾಗುತ್ತದೆ. ಪಾರಿಭಾಷಿಕ ಪದಗಳ ಕೋಶ, ಪಠ್ಯಕ್ರಮಕ್ಕೆ ಪೂರಕವಾದ ವಿವರಣೆ, ಕಾಲಕಾಲಕ್ಕೆ ತಿದ್ದುವ ಮಾರ್ಗದರ್ಶಿಗಳೂ ಇದೇ ಗುಂಪಿಗೆ ಸೇರುತ್ತವೆ.

ಒಳಕೊಂಡಿಗಳು ಸಂಪೂರ್ಣವಾಗಿ ಬರಹಗಾರನ ಕೈಯಲ್ಲಿಯೇ ಇರುವ ಸಾಧನ. ಹಳೆಯ ಲೇಖನಗಳಿಂದ ಹೊಸದಕ್ಕೂ ಹೊಸದರಿಂದ ಹಳೆಯದಕ್ಕೂ ಕೊಂಡಿ ಕೊಟ್ಟರೆ ಕ್ರಾಲರ್‌ಗೆ ದಾರಿ ಸಿಗುತ್ತದೆ, ಓದುಗನೂ ಹೆಚ್ಚು ಹೊತ್ತು ಉಳಿಯುತ್ತಾನೆ.

ಗಳಿಸಿದ ಕೊಂಡಿಗಳನ್ನು ಉಳಿಸಿಕೊಳ್ಳುವುದೂ ಮುಖ್ಯ. 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ಬಳಿಕ ಲಭ್ಯವಿರಲಿಲ್ಲವೆಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ಬ್ಲಾಗಿನ ವಿಳಾಸ ಬದಲಿಸುವಾಗ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ಶಾಶ್ವತ ಮರುನಿರ್ದೇಶನವನ್ನು ಇಡದಿದ್ದರೆ, ವರ್ಷಗಳಿಂದ ಬಂದ ಕೊಂಡಿಗಳು ವ್ಯರ್ಥವಾಗುತ್ತವೆ.

ಶೋಧ ಯಂತ್ರವೊಂದನ್ನೇ ನಂಬದೆ ಓದುಗರನ್ನು ನೇರವಾಗಿ ತಲುಪುವುದು ಇನ್ನೊಂದು ದಾರಿ. ಆರ್‌ಎಸ್‌ಎಸ್ ಫೀಡ್ ಮತ್ತು ಇಮೇಲ್ ಪತ್ರಿಕೆ ಇದಕ್ಕೆ ಬಳಕೆಯಲ್ಲಿವೆ. ಆದರೆ ಈ ದಾರಿಯೂ ಮಧ್ಯವರ್ತಿಗಳಿಂದ ಮುಕ್ತವಲ್ಲ. ಅಸಂಖ್ಯ ಬ್ಲಾಗು ಓದುಗರು ನೆಚ್ಚಿಕೊಂಡಿದ್ದ ಗೂಗಲ್ ರೀಡರ್ ಸೇವೆ 2013ರ ಜುಲೈ 1ರಂದು ಮುಚ್ಚಿದಾಗ ಅನೇಕ ಬ್ಲಾಗುಗಳು ತಮ್ಮ ನಿಯಮಿತ ಓದುಗರನ್ನು ಕಳೆದುಕೊಂಡವು.

ಕನ್ನಡ ಬ್ಲಾಗುಗಳಲ್ಲಿ

ಕನ್ನಡ ಪುಟಗಳಿಗೆ ಕೊಂಡಿಗಿಂತ ಮೊದಲು ಎದುರಾದ ಸಮಸ್ಯೆ ಲಿಪಿಯದು. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ತಾಣಗಳು ಪ್ರತ್ಯೇಕ ಫಾಂಟುಗಳನ್ನು ಆಧರಿಸಿದ್ದವು. ಅವುಗಳಲ್ಲಿ ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡ ಅಕ್ಷರಗಳ ಆಕಾರಗಳನ್ನು ಕೂಡಿಸಲಾಗಿತ್ತು. ಪರದೆಯ ಮೇಲೆ ಓದುಗನಿಗೆ ಕನ್ನಡ ಕಂಡರೂ ಶೋಧ ಯಂತ್ರಕ್ಕೆ ಕಾಣುತ್ತಿದ್ದುದು ಅರ್ಥಹೀನ ರೋಮನ್ ಅಕ್ಷರಗಳು ಮಾತ್ರ. ಆದ್ದರಿಂದ ಅಂತಹ ಪುಟಗಳು ಕನ್ನಡದಲ್ಲಿ ಹುಡುಕಿದವರಿಗೆ ದೊರೆಯುತ್ತಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯುನಿಕೋಡ್ ಫಾಂಟ್ ಸೇರಿದ್ದುದು, 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದುದು, ಬರಹ ಮತ್ತು ನುಡಿ ತಂತ್ರಾಂಶಗಳಲ್ಲಿ ಯುನಿಕೋಡ್ ಸೌಲಭ್ಯ ಬಂದುದು ಈ ಸ್ಥಿತಿಯನ್ನು ಬದಲಿಸಿದವು. ಹಳೆಯ ಫಾಂಟುಗಳಲ್ಲಿ ಉಳಿದಿರುವ, ಪರಿವರ್ತನೆಗೊಳ್ಳದ ಪುಟಗಳು ಇಂದಿಗೂ ಹುಡುಕಾಟಕ್ಕೆ ನಿಲುಕುವುದಿಲ್ಲ.

ಕನ್ನಡದ ವ್ಯಾಕರಣವೂ ಶೋಧ ಯಂತ್ರಕ್ಕೆ ಸವಾಲಾಗಿದೆ. ‘ಕೆರೆ’ ಎಂಬ ಪದವು ಕೆರೆಯ, ಕೆರೆಗೆ, ಕೆರೆಯಲ್ಲಿ, ಕೆರೆಗಳಿಂದ ಎಂದು ಪ್ರತ್ಯಯಗಳೊಡನೆ ಬದಲಾಗುತ್ತದೆ. ಸಂಧಿಯಾದಾಗ ಪದದ ಗಡಿಯೇ ಕಾಣುವುದಿಲ್ಲ. ಒಂದೇ ಪದವನ್ನು ಬೇರೆ ಬೇರೆ ಕಾಗುಣಿತದಲ್ಲಿ ಬರೆಯುವುದು, ಕನ್ನಡವನ್ನು ರೋಮನ್ ಲಿಪಿಯಲ್ಲಿ ಹುಡುಕುವುದು ಕೂಡ ಸಾಮಾನ್ಯ. 2019ರ ಡಿಸೆಂಬರ್‌ನಲ್ಲಿ ಬರ್ಟ್ ಮಾದರಿಯನ್ನು 70ಕ್ಕೂ ಹೆಚ್ಚು ಭಾಷೆಗಳಿಗೆ ವಿಸ್ತರಿಸಿದಾಗ ಕನ್ನಡವೂ ಆ ಪಟ್ಟಿಯಲ್ಲಿತ್ತು.

ಕನ್ನಡದ ಜಾಲವಿಳಾಸಗಳಲ್ಲಿ ಮತ್ತೊಂದು ತೊಡಕಿದೆ. ವಿಳಾಸದಲ್ಲಿ ಕನ್ನಡ ಅಕ್ಷರಗಳಿದ್ದರೆ, ಪ್ರತಿ ಕಳುಹಿಸುವಾಗ ಒಂದೊಂದು ಯುನಿಕೋಡ್ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಮಾರ್ಪಡುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಐದು ಸಂಕೇತಗಳಿರುವುದರಿಂದ ಅದು 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಇಂತಹ ವಿಳಾಸವು ಹಂಚಿಕೊಳ್ಳುವಾಗ ಅರ್ಧಕ್ಕೆ ಕಡಿದುಹೋಗಿ ಕೊಂಡಿ ಮುರಿಯುವುದುಂಟು. ಈ ಕಾರಣದಿಂದ ಅನೇಕ ಕನ್ನಡ ಬ್ಲಾಗಿಗರು ಶೀರ್ಷಿಕೆಯನ್ನು ಕನ್ನಡದಲ್ಲಿಟ್ಟು, ವಿಳಾಸವನ್ನು ಮಾತ್ರ ರೋಮನ್ ಅಕ್ಷರಗಳಲ್ಲಿ ಚಿಕ್ಕದಾಗಿ ಇಡುತ್ತಾರೆ.

ಕೊಂಡಿಗಳನ್ನು ಆಧರಿಸಿದ ವ್ಯವಸ್ಥೆಯಲ್ಲಿ, ಒಟ್ಟು ಪುಟಗಳೇ ಕಡಿಮೆಯಿರುವ ಭಾಷೆಗೆ ಸಹಜವಾಗಿಯೇ ಹಿನ್ನಡೆಯಿದೆ. ಕೊಂಡಿ ಕೊಡುವವರೇ ವಿರಳವಾದಾಗ ಒಳ್ಳೆಯ ಪುಟವೂ ಕಾಣದೆ ಉಳಿಯುತ್ತದೆ. ಕನ್ನಡದ ಬರಹಗಾರರು ಪರಸ್ಪರರ ಬರಹಗಳನ್ನು ಉಲ್ಲೇಖಿಸುವಾಗ ಹೆಸರನ್ನಷ್ಟೇ ಹೇಳದೆ ಕೊಂಡಿಯನ್ನೂ ಕೊಡುವುದು ಈ ಕಾರಣದಿಂದ ಹೆಚ್ಚಿನ ಮಹತ್ವ ಪಡೆಯುತ್ತದೆ.

ಟೀಕೆಗಳು

ಕ್ರಮಾವಳಿಯ ವಿವರಗಳನ್ನು ಗೂಗಲ್ ಬಹಿರಂಗಪಡಿಸುವುದಿಲ್ಲ. ಬಹಿರಂಗಪಡಿಸಿದರೆ ದುರುಪಯೋಗವಾಗುತ್ತದೆ ಎಂಬುದು ಸಂಸ್ಥೆಯ ವಾದ. ಕಾರಣ ತಿಳಿಯದೆ ಓದುಗರನ್ನೂ ಜಾಹೀರಾತಿನ ಆದಾಯವನ್ನೂ ಕಳೆದುಕೊಂಡವರಿಗೆ ಈ ವಾದ ಸಮಾಧಾನ ನೀಡಿಲ್ಲ. 2022ರ ನಂತರದ ಬದಲಾವಣೆಗಳಲ್ಲಿ ಸ್ವತಂತ್ರವಾಗಿ ನಡೆಯುವ ಅನೇಕ ಸಣ್ಣ ತಾಣಗಳು ಹೆಚ್ಚಿನ ಪಾಲು ಓದುಗರನ್ನು ಕಳೆದುಕೊಂಡು, ದೊಡ್ಡ ಪ್ರಕಾಶನ ಸಂಸ್ಥೆಗಳ ಪುಟಗಳು ಅವುಗಳ ಸ್ಥಾನಕ್ಕೆ ಬಂದವು ಎಂಬ ದೂರು ವ್ಯಾಪಕವಾಗಿದೆ. 2024ರ ಅಕ್ಟೋಬರ್‌ನಲ್ಲಿ ಗೂಗಲ್ ಹೀಗೆ ಬಾಧಿತರಾದ ಸುಮಾರು 20 ಮಂದಿ ಬರಹಗಾರರನ್ನು ತನ್ನ ಕೇಂದ್ರ ಕಚೇರಿಗೆ ಕರೆಸಿ ಅಹವಾಲು ಆಲಿಸಿತು.

ಹುಡುಕಾಟದ ಮಾರುಕಟ್ಟೆಯಲ್ಲಿ ಒಂದೇ ಸಂಸ್ಥೆಯ ಪ್ರಾಬಲ್ಯವಿರುವುದು ಸಮಸ್ಯೆಯನ್ನು ತೀವ್ರಗೊಳಿಸಿದೆ. ಗೂಗಲ್ ಹುಡುಕಾಟದ ಕ್ಷೇತ್ರದಲ್ಲಿ ಕಾನೂನುಬಾಹಿರವಾಗಿ ಏಕಸ್ವಾಮ್ಯ ಕಾಯ್ದುಕೊಂಡಿದೆ ಎಂದು ಅಮೆರಿಕದ ಫೆಡರಲ್ ನ್ಯಾಯಾಲಯದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು 2024ರ ಆಗಸ್ಟ್‌ನಲ್ಲಿ ತೀರ್ಪಿತ್ತರು.

ಕೃತಕ ಬುದ್ಧಿಮತ್ತೆಯಿಂದ ತಯಾರಾದ ಸಾರಾಂಶವನ್ನು ಫಲಿತಾಂಶಗಳ ಮೇಲ್ಭಾಗದಲ್ಲಿ ತೋರಿಸುವ ವ್ಯವಸ್ಥೆ 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತದಲ್ಲಿಯೂ ಜಾರಿಗೆ ಬಂದಿತು. ಉತ್ತರ ಅಲ್ಲಿಯೇ ದೊರೆತರೆ ಓದುಗನು ಕೊಂಡಿಯನ್ನು ಒತ್ತಿ ಮೂಲ ಪುಟಕ್ಕೆ ಹೋಗುವ ಅಗತ್ಯ ಕಡಿಮೆಯಾಗುತ್ತದೆ. ಮೊದಲ ಸ್ಥಾನ ಗಳಿಸಿದ ಪುಟಕ್ಕೂ ಓದುಗರು ಬಾರದಿರುವ ಸಾಧ್ಯತೆ ಇದರಿಂದ ಉಂಟಾಗಿದ್ದು, ಬರಹಗಾರರು ಮಾಹಿತಿ ಒದಗಿಸುವುದು, ಶೋಧ ಯಂತ್ರವು ಅವರಿಗೆ ಓದುಗರನ್ನು ಕಳುಹಿಸುವುದು ಎಂಬ ಹಳೆಯ ಹೊಂದಾಣಿಕೆಯೇ ಪ್ರಶ್ನೆಗೆ ಒಳಗಾಗಿದೆ.

ಇವನ್ನೂ ನೋಡಿ

• ಬ್ಲಾಗ್
• ಗೂಗಲ್
• ಪೇಜ್‌ರ‍್ಯಾಂಕ್
• ಯುನಿಕೋಡ್
• ಕನ್ನಡ ವಿಕಿಪೀಡಿಯ